ಟಿಎಂಸಿ, ಕ್ಯೂಸೆಕ್, ಗೇಜ್: ಟಿಬಿ ಡ್ಯಾಮ್ ಸುದ್ದಿಯಲ್ಲಿ ಬರುವ ಇಂಗ್ಲಿಷ್ ಪದಗಳನ್ನು ಓದುವುದು ಹೇಗೆ

ಮಲೆನಾಡಿನಲ್ಲಿ ಮಳೆ ಹಿಡಿದರೆ ಸಾಕು, ಬಳ್ಳಾರಿ, ಕೊಪ್ಪಳ, ರಾಯಚೂರಿನ ಫೋನುಗಳಲ್ಲಿ ಬೆಳಗಾಗುತ್ತಲೇ ಒಂದು ಮೆಸೇಜ್ ಓಡಾಡುತ್ತದೆ. ಟಿಬಿ ಡ್ಯಾಮ್, ಅಂದರೆ ತುಂಗಭದ್ರಾ ಡ್ಯಾಮ್, ಅದರ ಲೆವೆಲ್ ಇಷ್ಟು, ಸ್ಟೋರೇಜ್ ಇಷ್ಟು, ಇನ್‌ಫ್ಲೋ ಇಷ್ಟು, ಔಟ್‌ಫ್ಲೋ ಇಷ್ಟು. ನಾಲ್ಕೇ ಸಾಲು. ಆದರೆ ಅದನ್ನು ಓದಿದ ಹತ್ತು ಜನ ಹತ್ತು ಅರ್ಥ ಹೇಳುತ್ತಾರೆ. ಲೆವೆಲ್‌ ನೋಡಿ ಡ್ಯಾಮ್ ಆಳ ಅಂದುಕೊಳ್ಳುವವರಿದ್ದಾರೆ, ಕ್ಯೂಸೆಕ್‌ ನೋಡಿ ಟಿಎಂಸಿ ಅಂದುಕೊಳ್ಳುವವರೂ ಇದ್ದಾರೆ.

2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದ ಮೇಲೆ ಈ ಪದಗಳು ಇನ್ನೂ ಜಾಸ್ತಿಯಾದವು. ಕ್ರಸ್ಟ್ ಗೇಟ್, ಸ್ಟಾಪ್‌ಲಾಗ್, ಸ್ಪಿಲ್‌ವೇ ಅಂತ ಟಿವಿಯವರು ಒಂದೇ ಉಸಿರಿಗೆ ಹೇಳಿದರು. ಮರುವರ್ಷ ಜಲಾಶಯದಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಿದರು. ಆಮೇಲೆ ಗೇಟುಗಳನ್ನೆಲ್ಲ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನವಾಯಿತು. ಅಂದರೆ ಈ ಅಂಕಿಗಳು ಇಂಜಿನಿಯರುಗಳ ಕಡತದಲ್ಲಿ ಇರುವಂಥವಲ್ಲ, ನಾಟಿ ಮಾಡಬೇಕೋ ಬೇಡವೋ ಅಂತ ನಿರ್ಧರಿಸುವಂಥವು. ಹಾಗಾಗಿ ಒಂದೇ ಥರ ಕೇಳಿಸುವ, ಆದರೆ ಬೇರೆ ಬೇರೆ ಅರ್ಥ ಇರುವ ಪದಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ನೀರಾವರಿ ಇಲಾಖೆಯ ಹೊರಗಿನವರಿಗೆ ಇಷ್ಟು ಗೊತ್ತಿದ್ದರೆ ಆ ನಾಲ್ಕು ಸಾಲಿನ ಮೆಸೇಜ್ ತಾನಾಗಿಯೇ ಮಾತಾಡುತ್ತದೆ.

## ಡ್ಯಾಮ್ ಮತ್ತು ರಿಸರ್ವಾಯರ್

ಡ್ಯಾಮ್ ಅಂದರೆ ನದಿಗೆ ಅಡ್ಡ ಕಟ್ಟಿದ ಗೋಡೆ. ರಿಸರ್ವಾಯರ್ ಅಂದರೆ ಆ ಗೋಡೆಯ ಹಿಂದೆ ನಿಂತ ನೀರು, ಅಂದರೆ ಜಲಾಶಯ. ನಾವು ಎರಡಕ್ಕೂ ಡ್ಯಾಮ್ ಅಂತಲೇ ಅನ್ನುತ್ತೇವೆ, ದಿನದ ಮಾತಿಗೆ ಅದರಿಂದ ತೊಂದರೆ ಏನಿಲ್ಲ.

ನಮ್ಮ ತುಂಗಭದ್ರಾ ಡ್ಯಾಮ್ ಒಂದು ಕಡೆ ಹೊಸಪೇಟೆ, ಇನ್ನೊಂದು ಕಡೆ ಕೊಪ್ಪಳ ಜಿಲ್ಲೆಯ ಮುನಿರಾಬಾದ್. ಗೋಡೆಯ ಉದ್ದ ಸುಮಾರು 2.4 ಕಿಲೋಮೀಟರ್. 1945ರಲ್ಲಿ ಅಡಿಗಲ್ಲು ಹಾಕಿದರು, 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಕಟ್ಟಲು ಶುರು ಮಾಡಿದಾಗ ನದಿಯ ಆ ದಂಡೆ ನಿಜಾಮರ ಹೈದರಾಬಾದ್, ಈ ದಂಡೆ ಮದ್ರಾಸ್ ಪ್ರಾಂತ್ಯ. ಇವತ್ತಿಗೂ ಎಡದಂಡೆ, ಬಲದಂಡೆ ಕಾಲುವೆಗಳ ಆಡಳಿತ ಬೇರೆ ಬೇರೆ ಥರ ಇರುವುದಕ್ಕೆ ಮೂಲ ಅಲ್ಲೇ ಇದೆ.

ಜಲಾಶಯ ತುಂಬಿದಾಗ ನೀರು ಹರಡಿಕೊಳ್ಳುವ ಜಾಗ ಸುಮಾರು 378 ಚದರ ಕಿಲೋಮೀಟರ್. ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಡ್ಯಾಮ್‌ಗೂ ರಿಸರ್ವಾಯರ್‌ಗೂ ಇರುವ ವ್ಯತ್ಯಾಸ ಗಂಭೀರವಾಗುವುದು ಅವಘಡ ಆದಾಗ. ಗೇಟ್ ಹೋಯಿತು ಅಂದರೆ ಜಲಾಶಯದಿಂದ ನೀರು ಹೊರಹೋಗುತ್ತಿದೆ ಅಂತ ಅರ್ಥ. ಡ್ಯಾಮ್ ಒಡೆಯಿತು ಅಂದರೆ ಗೋಡೆಯೇ ಬಿತ್ತು ಅಂತ ಅರ್ಥ. ಮೊದಲನೆಯದರಲ್ಲಿ ಬೆಳೆಗೆ ಇಟ್ಟ ನೀರು ಪೋಲಾಗುತ್ತದೆ, ಎರಡನೆಯದರಲ್ಲಿ ಊರುಗಳೇ ಉಳಿಯುವುದಿಲ್ಲ. 2024ರಲ್ಲಿ ಆದದ್ದು ಮೊದಲನೆಯದು, ಗೋಡೆಗೆ ಏನೂ ಆಗಿರಲಿಲ್ಲ. ಕೆಳಗಿನ ಊರುಗಳಲ್ಲಿ ಇರುವವರಿಗೆ ಆ ರಾತ್ರಿ ಈ ವ್ಯತ್ಯಾಸವನ್ನು ಸರಿಯಾಗಿ ಹೇಳುವುದು ತುಂಬಾ ಮುಖ್ಯವಾಗಿತ್ತು.

## ಲೆವೆಲ್ ಮತ್ತು ಸ್ಟೋರೇಜ್

ಮೆಸೇಜಿನಲ್ಲಿ 1633 ಅಡಿ ಅಂತ ಬರುತ್ತದಲ್ಲ, ಅದು ನೀರಿನ ಆಳ ಅಲ್ಲವೇ ಅಲ್ಲ. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ ಅದು. ಜಲಾಶಯ ಪೂರ್ತಿ ತುಂಬಿದಾಗ ನೀರಿನ ಮೇಲ್ಮೈ ಸಮುದ್ರಕ್ಕಿಂತ 1633 ಅಡಿ ಮೇಲೆ ಇರುತ್ತದೆ. ಗೋಡೆಯ ಎತ್ತರವೇ ಸುಮಾರು 50 ಮೀಟರ್, ಅಂದರೆ 160 ಅಡಿ ಚಿಲ್ಲರೆ. ಅಂದಮೇಲೆ 1633 ಅಡಿ ಆಳ ಇರುವುದಕ್ಕೆ ಸಾಧ್ಯವೇ ಇಲ್ಲ ಅಲ್ವಾ.

ಸ್ಟೋರೇಜ್ ಅಂದರೆ ಆ ಮಟ್ಟದಲ್ಲಿ ಒಟ್ಟು ಎಷ್ಟು ನೀರು ನಿಂತಿದೆ ಅನ್ನುವುದು. ಮಟ್ಟವನ್ನು ಅಡಿಯಲ್ಲಿ ಅಳೆಯುತ್ತಾರೆ, ಸಂಗ್ರಹವನ್ನು ಟಿಎಂಸಿಯಲ್ಲಿ ಹೇಳುತ್ತಾರೆ. ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ, ಆದರೆ ಒಂದೇ ಅಳತೆಯಲ್ಲಿ ಅಲ್ಲ. ಯಾಕೆಂದರೆ ಜಲಾಶಯದ ತಳ ಕಿರಿದು, ಮೇಲೆ ಹೋದ ಹಾಗೆ ಅಗಲ. ಕೆಳಗಡೆ ಒಂದು ಅಡಿ ಏರಿದರೆ ಸೇರುವ ನೀರು ಸ್ವಲ್ಪ. ಮೇಲ್ಗಡೆ ಅದೇ ಒಂದು ಅಡಿಗೆ ಮೂರೂವರೆಯಿಂದ ನಾಲ್ಕು ಟಿಎಂಸಿ ಸೇರುತ್ತದೆ. 378 ಚದರ ಕಿಲೋಮೀಟರ್ ಜಾಗದಲ್ಲಿ ಒಂದಡಿ ನೀರು ನಿಲ್ಲಿಸಿದರೆ ಎಷ್ಟಾಗುತ್ತದೆ ಅಂತ ಗುಣಿಸಿ ನೋಡಿ, ನಾಲ್ಕು ಟಿಎಂಸಿಯ ಆಸುಪಾಸು ಬರುತ್ತದೆ.

2025ರಲ್ಲಿ 80 ಟಿಎಂಸಿಗೆ ನಿಲ್ಲಿಸಿದಾಗ ಮಟ್ಟ ಸುಮಾರು 1626 ಅಡಿ. "ಏಳೇ ಅಡಿ ಅಲ್ವಾ ಕಡಿಮೆ" ಅಂತ ಕೇಳಿದವರಿದ್ದರು. ಆ ಏಳು ಅಡಿಯಲ್ಲಿ 25 ಟಿಎಂಸಿಗಿಂತ ಜಾಸ್ತಿ ನೀರು ಹೋಯಿತು. ಹಾಗಾಗಿ ಲೆವೆಲ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಸ್ಟೋರೇಜ್ ನೋಡಿ.

## ಟಿಎಂಸಿ ಮತ್ತು ಕ್ಯೂಸೆಕ್

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ನಿಧಾನಕ್ಕೆ ನೋಡೋಣ.

ಟಿಎಂಸಿ ಅಂದರೆ ಥೌಸಂಡ್ ಮಿಲಿಯನ್ ಕ್ಯೂಬಿಕ್ ಫೀಟ್. ನಮ್ಮ ಲೆಕ್ಕದಲ್ಲಿ 100 ಕೋಟಿ ಘನ ಅಡಿ. ಒಂದು ಘನ ಅಡಿ ಅಂದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ಡಬ್ಬದಲ್ಲಿ ಹಿಡಿಯುವ ನೀರು, 28.3 ಲೀಟರ್. ಹಾಗಾಗಿ ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್.

ಕ್ಯೂಸೆಕ್ ಅಂದರೆ ಕ್ಯೂಬಿಕ್ ಫೀಟ್ ಪರ್ ಸೆಕೆಂಡ್. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹಾದುಹೋದರೆ ಅದು ಒಂದು ಕ್ಯೂಸೆಕ್.

ಗಂಗಾವತಿ ಅಥವಾ ಕಾರಟಗಿಯ ಯಾವುದಾದರೂ ರೈಸ್ ಮಿಲ್ಲಿನ ಗೋದಾಮನ್ನು ನೆನೆಸಿಕೊಳ್ಳಿ. ಒಳಗೆ ಎಷ್ಟು ಚೀಲ ಪೇರಿಸಿದ್ದಾರೆ ಅನ್ನುವುದು ಟಿಎಂಸಿ. ಹಮಾಲರು ಗಂಟೆಗೆ ಎಷ್ಟು ಚೀಲ ಲಾರಿಗೆ ಹಾಕುತ್ತಿದ್ದಾರೆ ಅನ್ನುವುದು ಕ್ಯೂಸೆಕ್. ಒಂದು ದಾಸ್ತಾನು, ಇನ್ನೊಂದು ವೇಗ. "ಡ್ಯಾಮ್‌ನಲ್ಲಿ 50 ಸಾವಿರ ಕ್ಯೂಸೆಕ್ ನೀರಿದೆ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಹಾಗೆಯೇ "ಕಾಲುವೆಗೆ ಎರಡು ಟಿಎಂಸಿ ಬಿಟ್ಟಿದ್ದಾರೆ" ಅಂದಾಗ, ಎಷ್ಟು ದಿನದಲ್ಲಿ ಅಂತ ಕೇಳಲೇಬೇಕು. ಎರಡು ದಿನದಲ್ಲೋ, ಒಂದು ತಿಂಗಳಲ್ಲೋ?

ಒಂದರಿಂದ ಇನ್ನೊಂದಕ್ಕೆ ದಾಟಲು ಒಂದೇ ಒಂದು ಅಂಕಿ ಸಾಕು. 11,574. ಇಷ್ಟು ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿಎಂಸಿ ಆಗುತ್ತದೆ. ದಿನಕ್ಕೆ 86,400 ಸೆಕೆಂಡ್, ಅದರಿಂದ 100 ಕೋಟಿಯನ್ನು ಭಾಗಿಸಿದರೆ ಈ ಅಂಕಿ ಸಿಗುತ್ತದೆ. ಬಾಯಿಲೆಕ್ಕಕ್ಕೆ ಹನ್ನೊಂದೂವರೆ ಸಾವಿರ ಅಂತ ಇಟ್ಟುಕೊಳ್ಳಿ.

ಈಗ ಒಂದು ದಿನದ ಮೆಸೇಜ್ ಓದಿ ನೋಡೋಣ. ಈ ಅಂಕಿಗಳು ಉದಾಹರಣೆಗೆ ಅಂತ ನಾನೇ ಹಾಕಿದ್ದು. ಸ್ಟೋರೇಜ್ 76 ಟಿಎಂಸಿ, ಇನ್‌ಫ್ಲೋ 60,000 ಕ್ಯೂಸೆಕ್, ಔಟ್‌ಫ್ಲೋ 8,000 ಕ್ಯೂಸೆಕ್. ಒಳಗೆ ಬರುವುದರಲ್ಲಿ ಹೊರಗೆ ಹೋಗುವುದನ್ನು ಕಳೆದರೆ ಉಳಿಯುವುದು 52,000. ಅದನ್ನು 11,574ರಿಂದ ಭಾಗಿಸಿ, ಸುಮಾರು ನಾಲ್ಕೂವರೆ ಬರುತ್ತದೆ. ಅಂದರೆ ಮಳೆ ಹೀಗೇ ಇದ್ದರೆ ನಾಳೆ ಇದೇ ಹೊತ್ತಿಗೆ ಸ್ಟೋರೇಜ್ 80 ದಾಟುತ್ತದೆ, ವಾರದೊಳಗೆ ಜಲಾಶಯ ತುಂಬುತ್ತದೆ. ಇನ್‌ಫ್ಲೋ 8,000ಕ್ಕೆ ಇಳಿದರೆ? ಬಂದಷ್ಟೇ ಹೋಗುತ್ತದೆ, ಸ್ಟೋರೇಜ್ ನಿಂತಲ್ಲೇ ನಿಲ್ಲುತ್ತದೆ. ಪೇಪರಿನಲ್ಲಿ "ಒಳಹರಿವು ಇಳಿಕೆ" ಅಂತ ಬಂದರೆ ಜಲಾಶಯ ಖಾಲಿಯಾಗುತ್ತಿದೆ ಅಂತ ಗಾಬರಿ ಬೀಳುವವರಿದ್ದಾರೆ. ಒಳಹರಿವು ಇಳಿದರೂ ಹೊರಹರಿವಿಗಿಂತ ಜಾಸ್ತಿ ಇರುವವರೆಗೆ ಡ್ಯಾಮ್ ತುಂಬುತ್ತಲೇ ಇರುತ್ತದೆ.

ಇನ್ನೊಂದು ಲೆಕ್ಕ ಹೊಲದವರಿಗೆ. ಒಂದು ಕ್ಯೂಸೆಕ್ ನೀರು 24 ಗಂಟೆ ಹರಿದರೆ ಹೆಚ್ಚುಕಡಿಮೆ ಎರಡು ಎಕರೆಯಲ್ಲಿ ಒಂದಡಿ ನೀರು ನಿಲ್ಲುತ್ತದೆ. ಒಂದಿಂಚು ಸಾಕು ಅಂದರೆ 24 ಎಕರೆಗೆ ಬರುತ್ತದೆ. ಕಾಲುವೆಯಲ್ಲಿ ಸೋರುವುದು, ಆವಿಯಾಗುವುದು ಬಿಟ್ಟು ಈ ಲೆಕ್ಕ. ಟಿಎಂಸಿಯಲ್ಲಿ ಹೇಳುವುದಾದರೆ, ಒಂದು ಟಿಎಂಸಿ ಸುಮಾರು 23,000 ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು.

ಕೆಲವು ಕಡೆ ಕ್ಯೂಮೆಕ್ ಅಂತಲೂ ಕಾಣುತ್ತದೆ. ಅದು ಸೆಕೆಂಡಿಗೆ ಒಂದು ಘನ ಮೀಟರ್. ಒಂದು ಕ್ಯೂಮೆಕ್ ಅಂದರೆ 35.3 ಕ್ಯೂಸೆಕ್. ಒಂದು ಲಕ್ಷ ಕ್ಯೂಸೆಕ್ ಪ್ರವಾಹವನ್ನು ಕ್ಯೂಮೆಕ್‌ನಲ್ಲಿ ಬರೆದರೆ 2,832 ಅಂತ ಬರುತ್ತದೆ. ಅಂಕಿ ಚಿಕ್ಕದು ಅಂತ ನದಿ ದಂಡೆಯಲ್ಲಿ ನಿಲ್ಲಬೇಡಿ.

## ಕೆಪ್ಯಾಸಿಟಿ, ಲೈವ್ ಸ್ಟೋರೇಜ್, ಅಲೋಕೇಷನ್

ಕೆಪ್ಯಾಸಿಟಿ ಅಂದರೆ ಹಿಡಿಸುವ ಶಕ್ತಿ. ಕಟ್ಟಿದಾಗ ಟಿಬಿ ಡ್ಯಾಮ್‌ನ ಕೆಪ್ಯಾಸಿಟಿ ಸುಮಾರು 133 ಟಿಎಂಸಿ. ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ. ನಡುವಿನ 27 ಟಿಎಂಸಿ ಜಾಗವನ್ನು ಹೂಳು ತಿಂದಿದೆ. ಕನಕಗಿರಿ ಹತ್ತಿರ ನವಲಿಯಲ್ಲಿ ಬ್ಯಾಲೆನ್ಸಿಂಗ್ ರಿಸರ್ವಾಯರ್ ಮಾಡಬೇಕು ಅಂತ ವರ್ಷಗಳಿಂದ ಕೇಳುತ್ತಿರುವುದು ಈ ಕಳೆದುಹೋದ ಜಾಗಕ್ಕೆ ಬದಲಿಯಾಗಿ. ಬ್ಯಾಲೆನ್ಸಿಂಗ್ ರಿಸರ್ವಾಯರ್ ಅಂದರೆ ದೊಡ್ಡ ಜಲಾಶಯ ತುಂಬಿ ನದಿಗೆ ಬಿಡುವ ಹೊತ್ತಿನಲ್ಲಿ ಆ ಹೆಚ್ಚುವರಿ ನೀರನ್ನು ಹಿಡಿದಿಟ್ಟು, ಆಮೇಲೆ ಬಳಸುವ ಎರಡನೇ ಜಲಾಶಯ.

ಗ್ರಾಸ್ ಸ್ಟೋರೇಜ್ ಅಂದರೆ ತಳದಿಂದ ಮೇಲಿನವರೆಗಿನ ಒಟ್ಟು ನೀರು. ಲೈವ್ ಸ್ಟೋರೇಜ್ ಅಂದರೆ ಅದರಲ್ಲಿ ನಾವು ಹೊರತೆಗೆದು ಬಳಸಬಹುದಾದದ್ದು. ಕಾಲುವೆಯ ತೂಬಿಗಿಂತ ಕೆಳಗೆ ನಿಂತ ನೀರು ತಾನಾಗಿ ಹೊರಗೆ ಹರಿಯುವುದಿಲ್ಲ, ಅದಕ್ಕೆ ಡೆಡ್ ಸ್ಟೋರೇಜ್ ಅನ್ನುತ್ತಾರೆ. ಬೇಸಿಗೆಯಲ್ಲಿ ಜಲಾಶಯದಲ್ಲಿ ನೀರು ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ಕಾಲುವೆಗೆ ಬಿಡುವುದಿಲ್ಲ. ಒಂದು ಭಾಗ ಡೆಡ್ ಸ್ಟೋರೇಜ್, ಇನ್ನೊಂದು ಭಾಗ ಕುಡಿಯುವ ನೀರಿಗೆ ಅಂತ ಎತ್ತಿಟ್ಟದ್ದು.

ಅಲೋಕೇಷನ್ ಅಂದರೆ ಹಂಚಿಕೆ, ಯಾರ ಪಾಲು ಎಷ್ಟು ಅನ್ನುವುದು. ಕೃಷ್ಣಾ ನ್ಯಾಯಮಂಡಳಿಯ 1976ರ ತೀರ್ಪಿನ ಪ್ರಕಾರ ತುಂಗಭದ್ರಾ ಜಲಾಶಯದಿಂದ ಒಟ್ಟು ಬಳಕೆ 230 ಟಿಎಂಸಿ. ಅದರಲ್ಲಿ ಕರ್ನಾಟಕಕ್ಕೆ 151.49, ಆಂಧ್ರಕ್ಕೆ 72, ಇವತ್ತಿನ ತೆಲಂಗಾಣಕ್ಕೆ 6.51.

ಇಲ್ಲಿ ಎಲ್ಲರಿಗೂ ಬರುವ ಪ್ರಶ್ನೆ ಒಂದೇ. ಹಿಡಿಸುವುದೇ 105, ಹಂಚುವುದು 230, ಹೇಗೆ? ಗೋದಾಮಿನಲ್ಲಿ ಒಂದು ಸಲಕ್ಕೆ ಹಿಡಿಸುವುದು ಹತ್ತು ಸಾವಿರ ಚೀಲ ಇರಬಹುದು, ಆದರೆ ವರ್ಷಕ್ಕೆ ಅದರ ಬಾಗಿಲಿನಿಂದ ಹೋಗುವುದು ಅದರ ಎರಡು ಮೂರು ಪಟ್ಟು. ಜುಲೈಯಿಂದ ಅಕ್ಟೋಬರ್‌ವರೆಗೆ ಒಂದು ಕಡೆ ಕಾಲುವೆಗೆ ಹೋಗುತ್ತಿರುತ್ತದೆ, ಇನ್ನೊಂದು ಕಡೆ ಮಲೆನಾಡಿನಿಂದ ಬಂದು ತುಂಬಿಕೊಳ್ಳುತ್ತಿರುತ್ತದೆ. ಮಳೆ ನಿಂತ ಮೇಲೆ ಒಳಗೆ ಎಷ್ಟು ಉಳಿದಿದೆಯೋ ಅದರ ಮೇಲೆ ಎರಡನೇ ಬೆಳೆಯ ಭವಿಷ್ಯ. ಅದಕ್ಕೇ ಆಗಸ್ಟ್‌ನಲ್ಲಿ ತುಂಬಿತು ಅನ್ನುವ ಸುದ್ದಿಗಿಂತ ನವೆಂಬರ್‌ನಲ್ಲಿ ಎಷ್ಟಿದೆ ಅನ್ನುವ ಸುದ್ದಿ ದೊಡ್ಡದು. ಅದನ್ನು ನೋಡಿಯೇ ಐಸಿಸಿ, ಅಂದರೆ ನೀರಾವರಿ ಸಲಹಾ ಸಮಿತಿ, ಎರಡನೇ ಬೆಳೆಗೆ ಎಷ್ಟು ದಿನ ನೀರು ಅಂತ ತೀರ್ಮಾನಿಸುತ್ತದೆ. ಡ್ಯಾಮ್ ನೋಡಿಕೊಳ್ಳುವ ತುಂಗಭದ್ರಾ ಬೋರ್ಡ್ ಬೇರೆ, ಈ ಸಮಿತಿ ಬೇರೆ.

## ಕ್ರಸ್ಟ್ ಗೇಟ್, ಸ್ಲೂಸ್, ಸ್ಟಾಪ್‌ಲಾಗ್

ಗೇಟ್ ಅಂದಕೂಡಲೇ ಗೋಡೆಯ ತಳದಿಂದ ತುದಿವರೆಗೆ ಬಾಗಿಲು ಇದೆ ಅಂತ ಅನ್ನಿಸುತ್ತದೆ. ಹಾಗಿಲ್ಲ. ಡ್ಯಾಮ್ ಗೋಡೆಯ ಒಂದು ಭಾಗವನ್ನು ತಗ್ಗಿಸಿ ಕಟ್ಟಿರುತ್ತಾರೆ, ಹೆಚ್ಚಾದ ನೀರು ಅಲ್ಲಿಂದ ಉಕ್ಕಿ ನದಿಗೆ ಬೀಳಲಿ ಅಂತ. ಅದು ಸ್ಪಿಲ್‌ವೇ. ಅದರ ನೆತ್ತಿ ಕ್ರೆಸ್ಟ್, ನಮ್ಮ ಪೇಪರುಗಳು ಕ್ರಸ್ಟ್ ಅಂತ ಬರೆಯುತ್ತವೆ. ಟಿಬಿ ಡ್ಯಾಮ್‌ನಲ್ಲಿ ಆ ನೆತ್ತಿ ಇರುವುದು 1613 ಅಡಿ ಮಟ್ಟದಲ್ಲಿ. ಅದರ ಮೇಲೆ 33 ಗೇಟುಗಳು ನಿಂತಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 1613ಕ್ಕೆ 20 ಸೇರಿಸಿದರೆ 1633, ಅದೇ ಪೂರ್ತಿ ಮಟ್ಟ.

ಅಂದರೆ ಕ್ರಸ್ಟ್ ಗೇಟುಗಳು ಕಾಯುವುದು ಮೇಲಿನ 20 ಅಡಿ ನೀರನ್ನು ಮಾತ್ರ. ಆದರೆ ಆ 20 ಅಡಿಯಲ್ಲೇ ಸುಮಾರು 60 ಟಿಎಂಸಿ ಇದೆ, ಅರ್ಧಕ್ಕಿಂತ ಜಾಸ್ತಿ. ಜಲಾಶಯ ಮೇಲೆ ಅಗಲ ಅಂತ ಆಗಲೇ ನೋಡಿದೆವಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಯಿತು, ಗೇಟ್ ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ಹೋಗುತ್ತಿದೆ ಅಂತ ಆಗ ವರದಿಯಾಯಿತು. 11,574ರಿಂದ ಭಾಗಿಸಿ ನೋಡಿ, ದಿನಕ್ಕೆ ಮೂರು ಟಿಎಂಸಿ. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವುಗಳನ್ನೂ ಎತ್ತಿದರು, ಹೊರಹರಿವು ಲಕ್ಷ ಕ್ಯೂಸೆಕ್ ಮುಟ್ಟಿತು. ಹಾಗೇ ಬಿಟ್ಟಿದ್ದರೆ ನೀರು 1613ಕ್ಕೆ ಇಳಿಯುವವರೆಗೆ ಆ ಕಿಂಡಿ ಹರಿಯುತ್ತಲೇ ಇರುತ್ತಿತ್ತು. ಆಗ ಉಳಿಯುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆ ಜಲಾಶಯ. ಸಿಂಧನೂರು, ಮಾನ್ವಿ ಕಡೆ ನಾಟಿ ನಡೆಯುತ್ತಿದ್ದ ದಿನಗಳವು.

ಆಗ ಕೇಳಿಬಂದ ಪದ ಸ್ಟಾಪ್‌ಲಾಗ್. ಗೇಟಿಗೂ ಸ್ಟಾಪ್‌ಲಾಗ್‌ಗೂ ವ್ಯತ್ಯಾಸ ಹೀಗೆ. ಗೇಟ್ ಕಾಯಂ ಇರುವಂಥದ್ದು, ಚೈನ್ ಮತ್ತು ಮೋಟಾರಿನಿಂದ ಬೇಕಾದಾಗ ಏರಿಸಿ ಇಳಿಸಬಹುದು. ಸ್ಟಾಪ್‌ಲಾಗ್ ತಾತ್ಕಾಲಿಕ ತಡೆ. ಉದ್ದನೆಯ ಉಕ್ಕಿನ ತುಂಡುಗಳನ್ನು ಕ್ರೇನಿನಲ್ಲಿ ಎತ್ತಿ ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚುತ್ತಾರೆ. ಸಾಮಾನ್ಯವಾಗಿ ಇದನ್ನು ಬಳಸುವುದು ಗೇಟ್ ರಿಪೇರಿ ಮಾಡುವಾಗ, ಅದೂ ನೀರು ಹರಿಯದೆ ನಿಂತಿರುವಾಗ. ನಮ್ಮಲ್ಲಿ ಮೊದಲೇ ಮಾಡಿಟ್ಟ ಸ್ಟಾಪ್‌ಲಾಗ್ ಇರಲಿಲ್ಲ, ಹಗಲು ರಾತ್ರಿ ಕೂತು ಹೊಸದಾಗಿ ಮಾಡಿದರು. 60 ಅಡಿ ಉದ್ದ, 4 ಅಡಿ ಎತ್ತರದ ಐದು ತುಂಡು. ಐದು ನಾಲ್ಕಲೇ 20 ಅಡಿ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆಗಸ್ಟ್ 16ರಂದು ಮೊದಲ ತುಂಡನ್ನು ಹರಿಯುವ ನೀರಿನಲ್ಲೇ ಇಳಿಸಿದರು, ಮರುದಿನ ಉಳಿದವು ಇಳಿದವು. ಆ ಕೆಲಸ ಮಾಡಿದ ಕಾರ್ಮಿಕರಿಗೆ ಈ ಭಾಗದ ರೈತರು ಎಷ್ಟು ಕೃತಜ್ಞರಾಗಿದ್ದರೂ ಸಾಲದು ಅಂತಲೇ ನನ್ನ ಭಾವನೆ. ಆಮೇಲೆ ಮಳೆ ಬಂದು ಅದೇ ವರ್ಷ ಜಲಾಶಯ ಮತ್ತೆ ತುಂಬಿಕೊಂಡಿತು.

ಇನ್ನು ಸ್ಲೂಸ್. ಇದು ಗೋಡೆಯ ಕೆಳಭಾಗದಲ್ಲಿರುವ ತೂಬು. ಕಾಲುವೆಗೆ ನೀರು ಹೋಗುವುದು ಇಂಥ ತೂಬಿನಿಂದ, ಕ್ರಸ್ಟ್ ಗೇಟಿನಿಂದ ಅಲ್ಲ. ಕ್ರಸ್ಟ್ ಗೇಟಿನ ನೀರು ನೇರ ನದಿಗೆ ಬಿದ್ದು ಹಂಪಿ, ಆನೆಗೊಂದಿ, ಕಂಪ್ಲಿ ಕಡೆ ಹೋಗುತ್ತದೆ. "ನದಿಗೆ ಲಕ್ಷ ಕ್ಯೂಸೆಕ್ ಬಿಡ್ತಾರ, ನಮ್ ಕಾಲುವಿಗಿ ಯಾಕ ಜಾಸ್ತಿ ಬಿಡಂಗಿಲ್ಲ?" ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ. ಎಡದಂಡೆ ಮುಖ್ಯ ಕಾಲುವೆಯ ಬಾಯಿಗೆ ಹಿಡಿಸುವುದೇ ಸುಮಾರು 4,000 ಕ್ಯೂಸೆಕ್ ಚಿಲ್ಲರೆ. ಅದಕ್ಕಿಂತ ಜಾಸ್ತಿ ನುಗ್ಗಿಸಿದರೆ ದಂಡೆ ಒಡೆಯುತ್ತದೆ. ಔಟ್‌ಫ್ಲೋ ಅಂತ ಒಂದೇ ಅಂಕಿ ಕೊಟ್ಟಾಗ ನದಿಗೆ ಎಷ್ಟು, ಕಾಲುವೆಗೆ ಎಷ್ಟು ಅಂತ ಬಿಡಿಸಿ ಓದಬೇಕು.

## ಲೀಕೇಜ್ ಮತ್ತು ಸೀಪೇಜ್

ಕಲ್ಲಿನ ಅಥವಾ ಮಣ್ಣಿನ ಯಾವ ಡ್ಯಾಮ್ ಆದರೂ ಸ್ವಲ್ಪ ನೀರು ಜಿನುಗುತ್ತದೆ. ಅದು ಸೀಪೇಜ್. ಅದನ್ನು ಒಂದು ಕಡೆ ಹರಿಯುವಂತೆ ಮಾಡಿ ಅಳೆಯುತ್ತಾರೆ. ಅಳತೆ ದಿನಾ ಒಂದೇ ಥರ ಇದ್ದು, ನೀರು ತಿಳಿಯಾಗಿದ್ದರೆ ಭಯ ಇಲ್ಲ. ಒಮ್ಮೆಗೇ ಜಾಸ್ತಿಯಾದರೆ, ಅಥವಾ ರಾಡಿ ನೀರು ಬಂದರೆ ಆಗ ಯೋಚಿಸಬೇಕು. ಲೀಕೇಜ್ ಅಂದರೆ ಬಿರುಕಿನಿಂದಲೋ, ಗೇಟಿನ ರಬ್ಬರ್ ಸೀಲ್ ಸವೆದೋ ನೀರು ಹೊರಬರುವುದು. ಅದಕ್ಕೆ ರಿಪೇರಿ ಬೇಕು. ಗೇಟಿನ ಪಕ್ಕದಲ್ಲಿ ನೀರು ಚಿಮ್ಮುವ ವಿಡಿಯೋ ನೋಡಿ ಡ್ಯಾಮ್ ಬಿರುಕು ಬಿಟ್ಟಿದೆ ಅಂತ ಹಂಚುವ ಮೊದಲು ಇಷ್ಟು ನೆನಪಿರಲಿ.

## ಆನಿಕಟ್, ಬ್ಯಾರೇಜ್

ಡ್ಯಾಮ್‌ನ ಕೆಲಸ ನೀರು ಕೂಡಿಡುವುದು. ಆನಿಕಟ್‌ನ ಕೆಲಸ ಅದಲ್ಲ. ಅದು ನದಿಗೆ ಅಡ್ಡ ಹಾಕಿದ ಗಿಡ್ಡ ಕಟ್ಟೆ. ನೀರಿನ ಮಟ್ಟವನ್ನು ಸ್ವಲ್ಪ ಎತ್ತಿ ಪಕ್ಕದ ಕಾಲುವೆಗೆ ತಿರುಗಿಸುತ್ತದೆ, ಉಳಿದದ್ದು ಅದರ ಮೇಲೇ ಹಾಯ್ದು ಹೋಗುತ್ತದೆ. ಇಂಗ್ಲಿಷಿನಲ್ಲಿ ವಿಯರ್ ಅನ್ನುವುದೂ ಇದಕ್ಕೇ. ನಾವು ಅಣೆಕಟ್ಟು ಅಂತ ದೊಡ್ಡ ಡ್ಯಾಮಿಗೂ ಅನ್ನುವುದರಿಂದ ಇಲ್ಲಿ ಗೊಂದಲ ಆಗುತ್ತದೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಹಾಕಿದ ಕಟ್ಟೆಗಳು ಈ ಜಾತಿಯವು, ಆನೆಗೊಂದಿ ಭಾಗದ ಗದ್ದೆಗಳಿಗೆ ಇಂದಿಗೂ ಅವುಗಳ ಕಾಲುವೆಯ ನೀರು ಬರುತ್ತದೆ. ರಾಯಚೂರು ಜಿಲ್ಲೆಯ ರಾಜೋಳಿಬಂಡಾ ಕೂಡ ಆನಿಕಟ್. ತೆಲಂಗಾಣದ ಪಾಲಿನ 6.51 ಟಿಎಂಸಿ ಅಂತ ಮೇಲೆ ಹೇಳಿದೆನಲ್ಲ, ಅದು ತಿರುಗುವುದು ಇಲ್ಲಿಂದಲೇ.

ಬ್ಯಾರೇಜ್ ಇವೆರಡರ ನಡುವಿನದು. ಉದ್ದಕ್ಕೂ ಗೇಟುಗಳೇ ಇರುತ್ತವೆ. ನೆರೆ ಬಂದಾಗ ಎಲ್ಲ ಎತ್ತಿ ನದಿಯನ್ನು ಬಿಟ್ಟುಬಿಡುತ್ತಾರೆ, ನೆರೆ ಇಳಿದ ಮೇಲೆ ಇಳಿಸಿ ಸ್ವಲ್ಪ ನೀರು ನಿಲ್ಲಿಸಿಕೊಳ್ಳುತ್ತಾರೆ. ದೇವದುರ್ಗ ತಾಲೂಕಿನ ಗೂಗಲ್ ಹತ್ತಿರ ಕೃಷ್ಣೆಗೆ ಕಟ್ಟಿರುವುದು ಬ್ರಿಜ್ ಕಂ ಬ್ಯಾರೇಜ್, ಮೇಲೆ ರಸ್ತೆ, ಕೆಳಗೆ ಗೇಟು. ಬ್ಯಾರೇಜ್ ತುಂಬಿದೆ ಅನ್ನುವ ಸುದ್ದಿಯನ್ನು ಡ್ಯಾಮ್ ತುಂಬಿದೆ ಅನ್ನುವ ಸುದ್ದಿಯ ಹಾಗೆ ಓದಬಾರದು, ಅದರಲ್ಲಿ ಹಿಡಿಸುವುದೇ ಕಡಿಮೆ.

## ಅಲರ್ಟ್ ಮತ್ತು ವಾರ್ನಿಂಗ್

ಹವಾಮಾನ ಇಲಾಖೆಯ ಬಣ್ಣಗಳನ್ನು ನಾವು ಯೆಲ್ಲೋ ಅಲರ್ಟ್, ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಅಂತ ಒಂದೇ ಪದದಲ್ಲಿ ಹೇಳುತ್ತೇವೆ. ಇಲಾಖೆ ಬಳಸುವ ಪದ ಮೂರಕ್ಕೂ ಬೇರೆ. ಹಳದಿ ಅಂದರೆ ವಾಚ್, ಗಮನ ಇಟ್ಟಿರಿ. ಕಿತ್ತಳೆ ಅಂದರೆ ಅಲರ್ಟ್, ತಯಾರಾಗಿರಿ. ಕೆಂಪು ಅಂದರೆ ವಾರ್ನಿಂಗ್, ಈಗಲೇ ಏನು ಮಾಡಬೇಕೋ ಮಾಡಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.5 ದಾಟಿದರೆ ಅತ್ಯಂತ ಭಾರೀ.

ನಮ್ಮ ಮೂರು ಜಿಲ್ಲೆಯವರು ಇದರಲ್ಲಿ ಒಂದು ವಿಷಯ ಗಮನಿಸಬೇಕು. ಬಳ್ಳಾರಿಯಲ್ಲಿ ಬಿಸಿಲಿದ್ದರೂ ಕಂಪ್ಲಿ ಸೇತುವೆ ಮೇಲೆ ನೀರು ಬರಬಹುದು, ಯಾಕೆಂದರೆ ಆ ನೀರು ಇಲ್ಲಿ ಬಿದ್ದ ಮಳೆಯದಲ್ಲ. ತುಂಗೆ, ಭದ್ರೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ, ಸೇರುವುದು ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ. ಹಾಗಾಗಿ ನದಿ ದಂಡೆಯವರು ನೋಡಬೇಕಾದದ್ದು ಚಿಕ್ಕಮಗಳೂರು, ಶಿವಮೊಗ್ಗದ ಬಣ್ಣ.

## ಗೇಜ್ ಮತ್ತು ಡಿಸ್ಚಾರ್ಜ್

ಕೊನೆಯ ಭಾಗದ ರೈತರ ಜಗಳವೆಲ್ಲ ಸುತ್ತುವುದು ಈ ಎರಡು ಪದದ ಸುತ್ತ. ಟೇಲ್ ಎಂಡ್ ಅಂದರೆ ಕಾಲುವೆಯ ಕೊನೆ, ಹೆಡ್ ರೀಚ್ ಅಂದರೆ ಮೇಲ್ಭಾಗ. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಬರಬೇಕು. ಹಳೇ ಲೆಕ್ಕದಲ್ಲಿ 141 ಮೈಲಿ. ಇವತ್ತಿಗೂ ರೈತರು, ಗ್ಯಾಂಗ್‌ಮನ್‌ಗಳು ಮೈಲಿಯಲ್ಲೇ ಮಾತಾಡುತ್ತಾರೆ, "104ನೇ ಮೈಲಿನಲ್ಲಿ ಗೇಜ್ ಎಷ್ಟೈತಿ?" ಅಂತ.

ಗೇಜ್ ಅಂದರೆ ಕಾಲುವೆಯಲ್ಲಿ ನೀರು ಎಷ್ಟು ಅಡಿ ಎತ್ತರ ಹರಿಯುತ್ತಿದೆ ಅನ್ನುವುದು. ಕಾಲುವೆಯ ಬದಿಗೆ ಅಡಿ, ಇಂಚಿನ ಗೆರೆ ಹಾಕಿದ ಪಟ್ಟಿ ಇರುತ್ತದೆ. ನೀರು ಮುಟ್ಟಿದ ಕಡೆ ಪಾಚಿ ಕಟ್ಟಿ ಕೆಳಗಿನ ಅಂಕಿ ಅಳಿಸಿಹೋಗಿರುತ್ತವೆ. ಮೇಲಿನ ಗೆರೆಯಿಂದ ಕೆಳಕ್ಕೆ ಎಣಿಸಿ ಓದುತ್ತಾರೆ. ಡಿಸ್ಚಾರ್ಜ್ ಅಂದರೆ ಆ ಜಾಗದಲ್ಲಿ ಸೆಕೆಂಡಿಗೆ ಎಷ್ಟು ನೀರು ಹೋಗುತ್ತಿದೆ ಅನ್ನುವುದು, ಅಂದರೆ ಕ್ಯೂಸೆಕ್.

ಎಡವಟ್ಟಾಗುವುದು ಇಲ್ಲಿ. ಗೇಜ್ ಅರ್ಧಕ್ಕೆ ಇಳಿದರೆ ನೀರೂ ಅರ್ಧಕ್ಕೆ ಇಳಿಯಿತು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಹಾಗಾಗುವುದಿಲ್ಲ. ಆಳ ಕಡಿಮೆಯಾದಾಗ ನೀರು ಹಾಯುವ ಜಾಗವೂ ಕಡಿಮೆ, ತಳದ ಘರ್ಷಣೆಯಿಂದ ಅದರ ಓಟವೂ ನಿಧಾನ. ಅಗಲವಾದ ಕಾಲುವೆಯಲ್ಲಿ ಗೇಜ್ ಅರ್ಧವಾದರೆ ಡಿಸ್ಚಾರ್ಜ್ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಬೀಳುತ್ತದೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಇನ್ನೊಂದು ತೊಂದರೆ, ಕಾಲುವೆಯಲ್ಲಿ ಹೂಳು, ಜಾಲಿ, ಆಪು ಬೆಳೆದಿದ್ದರೆ ನೀರು ಸರಾಗವಾಗಿ ಹರಿಯದೆ ಅಲ್ಲೇ ಏರಿ ನಿಲ್ಲುತ್ತದೆ. ಪಟ್ಟಿಯಲ್ಲಿ ಗೇಜ್ ಚೆನ್ನಾಗಿ ಕಾಣುತ್ತದೆ, ಮುಂದಕ್ಕೆ ನೀರು ಹೋಗಿರುವುದಿಲ್ಲ. ಅಧಿಕಾರಿ ಗೇಜ್ ಸರಿಯಿದೆ ಅನ್ನುತ್ತಾರೆ, ರೈತ ನೀರು ಬಂದಿಲ್ಲ ಅನ್ನುತ್ತಾನೆ. ಎಷ್ಟೋ ಸಲ ಇಬ್ಬರ ಮಾತೂ ನಿಜವೇ ಆಗಿರುತ್ತದೆ.

ಇನ್ನು ಸರದಿ, ಅಂದರೆ ಆನ್ ಅಂಡ್ ಆಫ್, ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವುದು. ಎಡದಂಡೆಯ ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಕಾಲುವೆಗೆ 4,000 ಕ್ಯೂಸೆಕ್ ಬಿಟ್ಟರೆ ದಿನಕ್ಕೆ 8,000 ಎಕರೆಯಲ್ಲಿ ಒಂದಡಿ, ಅಥವಾ 32,000 ಎಕರೆಯಲ್ಲಿ ಮೂರಿಂಚು. 6 ಲಕ್ಷಕ್ಕೂ ಒಂದು ಸುತ್ತು ಮೂರಿಂಚು ಕೊಡಲು ಹತ್ತೊಂಬತ್ತು ದಿನ ಬೇಕು, ಅದೂ ಒಂದು ಹನಿ ಸೋರದೆ ಇದ್ದರೆ. ಜೋಳ, ಹತ್ತಿ, ಶೇಂಗಾದಂಥ ಬೆಳೆ ಈ ಅಂತರವನ್ನು ತಡೆಯುತ್ತದೆ. ಭತ್ತಕ್ಕೆ ನೀರು ನಿಂತೇ ಇರಬೇಕು. ಈ ಕಾಲುವೆಯ ಬಹುಭಾಗವನ್ನು ಮೊದಲು ಯೋಜಿಸಿದ್ದು ಕಡಿಮೆ ನೀರಿನ ಬೆಳೆಗಳಿಗೆ, ಲೈಟ್ ಇರಿಗೇಷನ್ ಅಂತ ಕಾಗದದಲ್ಲಿ ಬರೆದಿರುವುದು ಅದನ್ನೇ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಕೊನೆಗೆ ತಲುಪುವ ನೀರು ಕಡಿಮೆಯಾಗುತ್ತದೆ.

ಹಾಗಾಗಿ ಸೆಕ್ಷನ್ ಆಫೀಸಿಗೆ ಹೋದಾಗ ಡ್ಯಾಮ್‌ನಲ್ಲಿ ಎಷ್ಟು ಟಿಎಂಸಿ ಅಂತ ಕೇಳಿದರೆ ನಿಮ್ಮ ಹೊಲದ ಬಗ್ಗೆ ಏನೂ ತಿಳಿಯುವುದಿಲ್ಲ. ನಮ್ಮ ಡಿಸ್ಟ್ರಿಬ್ಯೂಟರಿಯ, ಅಂದರೆ ಮುಖ್ಯ ಕಾಲುವೆಯಿಂದ ಕವಲೊಡೆದ ಉಪಕಾಲುವೆಯ, ಬಾಯಿಯಲ್ಲಿ ಇವತ್ತು ಗೇಜ್ ಎಷ್ಟು, ಅದಕ್ಕೆ ಡಿಸ್ಚಾರ್ಜ್ ಎಷ್ಟು ಕ್ಯೂಸೆಕ್, ಎಷ್ಟು ದಿನ ಆನ್ ಅಂತ ಕೇಳಿ. ಕ್ಯೂಸೆಕ್‌ ಅನ್ನು ಎರಡರಿಂದ ಗುಣಿಸಿ, ಮತ್ತೆ ದಿನದಿಂದ ಗುಣಿಸಿ. ಅಷ್ಟು ಎಕರೆಗೆ ಒಂದಡಿ ನೀರು ಬರುತ್ತಿದೆ. ನಿಮ್ಮ ಡಿಸ್ಟ್ರಿಬ್ಯೂಟರಿಯ ಕೆಳಗೆ ಎಷ್ಟು ಎಕರೆ ಇದೆ ಅನ್ನುವುದು ನಿಮಗೆ ಗೊತ್ತೇ ಇರುತ್ತದೆ.